ಪರೀಕ್ಷಿಸದ ರಕ್ತಕ್ಕೆ ನಾನು ಮಾಡಿಕೊಟ್ಟ ಮೊಹರು

ತಾಯಿ ಮತ್ತು ಮಕ್ಕಳ ಆರೋಗ್ಯ ವಿಭಾಗದ ಮುಖ್ಯಾಧಿಕಾರಿಗಳ ಕುರ್ಚಿಯಲ್ಲಿ ಸದ್ಯ ಕೂತಿರುವವರಿಗೆ,

ಮಾನ್ಯರೇ,

ಹಾಗೆಂದು ರೂಢಿಗೆ ಬರೆದಿದ್ದೇನೆ, ಅದರಲ್ಲಿ ಹೆಚ್ಚಿನ ಅರ್ಥ ಹುಡುಕಬೇಡಿ. ವಿಷಯ ಇಷ್ಟು. ನನ್ನ ಮಗಳು ಬಸುರಿಯಾಗಿದ್ದಾಗ ನಿಮ್ಮವರು ಕೊಟ್ಟ ‘ತಾಯಿ ಕಾರ್ಡಿ’ನ ಮೂರನೇ ಪುಟದಲ್ಲಿ ಒಂದು ನೀಲಿ ಮೊಹರಿದೆ. ‘ಥೈರಾಯ್ಡ್: ಪರೀಕ್ಷಿಸಲಾಗಿದೆ, ಸಹಜ’ ಎಂದು ಅದು ಹೇಳುತ್ತದೆ. ಆ ಪರೀಕ್ಷೆಯನ್ನು ನಿಮ್ಮ ಹೆರಿಗೆ ಆಸ್ಪತ್ರೆ ಮಾಡಿಯೇ ಇರಲಿಲ್ಲ. ಅವಳ ಥೈರಾಯ್ಡ್ ಸಹಜವಾಗಿಯೂ ಇರಲಿಲ್ಲ. ಅವಳ ಹೊಟ್ಟೆಯಲ್ಲಿದ್ದ ಕೂಸಿಗೆ ಈಗ ಮೂರು ವರ್ಷ ತುಂಬುತ್ತಿದೆ. ಗೋಡೆ ಹಿಡಿದು ನಡೆಯುತ್ತಾಳೆ, ನಾಲ್ಕೇ ನಾಲ್ಕು ಮಾತಾಡುತ್ತಾಳೆ. ಆ ಮೊಹರು ನಕಲಿ ಎಂದು ಹೇಳಿ ಜಾರಿಕೊಳ್ಳುವ ದಾರಿಯನ್ನು ಮೊದಲೇ ಮುಚ್ಚಿಬಿಡುತ್ತೇನೆ. ಅದು ಅಸಲಿ ಮೊಹರು. ಅದನ್ನು ಮಾಡಿಕೊಟ್ಟವನು ನಾನು.

ನಿಮ್ಮ ಕಚೇರಿಯ ಎದುರು ರಸ್ತೆಯಲ್ಲಿ, ಜೆರಾಕ್ಸ್ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ, ಇಬ್ಬರು ಗಿರಾಕಿ ಬಂದರೆ ಮೂರನೆಯವರು ಮೆಟ್ಟಿಲ ಮೇಲೆ ನಿಲ್ಲಬೇಕಾದ ಅಂಗಡಿ ನನ್ನದು. ಇಪ್ಪತ್ತೆಂಟು ವರ್ಷದಿಂದ ಮೊಹರು ಮಾಡುತ್ತಿದ್ದೇನೆ. ಮೊದಲು ಅಚ್ಚುಮೊಳೆ ಜೋಡಿಸಿ ರಬ್ಬರು ಬೇಯಿಸುತ್ತಿದ್ದೆ. ಈಗ ಕಂಪ್ಯೂಟರಿನಲ್ಲಿ ಅಕ್ಷರ ಕೂಡಿಸಿ, ಫಿಲ್ಮು ತೆಗೆದು, ಬೆಳಕಿಗೊಡ್ಡಿ, ತೊಳೆದು, ಕತ್ತರಿಸಿ ಹಿಡಿಗೆ ಅಂಟಿಸುತ್ತೇನೆ. ನಿಮ್ಮ ಮೇಜಿನ ಮೇಲಿರುವ ಮೊಹರುಗಳೆಲ್ಲ ನನ್ನ ಕೈಯಿಂದಲೇ ಹೋದವು. ‘ತುರ್ತು’ ಎಂಬುದನ್ನು ಹದಿನೇಳು ವರ್ಷದ ಹಿಂದೆ ಮಾಡಿಕೊಟ್ಟೆ, ಅದು ಇವತ್ತಿನವರೆಗೂ ಸವೆದು ಬದಲಿಗೆ ಬಂದಿಲ್ಲ. ‘ಮುಕ್ತಾಯಗೊಳಿಸಲಾಗಿದೆ’ ಎಂಬುದು ಮಾತ್ರ ನಿಮಗೆ ವರ್ಷಕ್ಕೊಂದು ಬೇಕು.

ನಮ್ಮ ಕಸುಬಿಗೂ ಒಂದು ನೇಮವಿದೆ. ಕಚೇರಿಯ ಪತ್ರವಿಲ್ಲದೆ ಸರ್ಕಾರಿ ಮೊಹರು ಮಾಡುವುದಿಲ್ಲ. ಮಾಡಿದ ಪ್ರತಿಯೊಂದರ ಮೊದಲ ಅಚ್ಚನ್ನು ಒಂದು ದಪ್ಪ ಪುಸ್ತಕದಲ್ಲಿ ಒತ್ತಿ, ಪಕ್ಕದಲ್ಲಿ ಆ ಪತ್ರವನ್ನು ಅಂಟಿಸಿಡುತ್ತೇನೆ. ನಾಲ್ಕೂವರೆ ವರ್ಷದ ಹಿಂದಿನ ಪುಟದಲ್ಲಿ ನಿಮ್ಮ ಹೆರಿಗೆ ಆಸ್ಪತ್ರೆಯ ಪತ್ರವಿದೆ, ಅದರ ಪಕ್ಕದಲ್ಲಿ ಈ ಮೊಹರಿನ ಅಚ್ಚಿದೆ. ಚೌಕಟ್ಟಿನ ಎಡಗಡೆ ಕೆಳಮೂಲೆಯಲ್ಲಿ ಕೂದಲೆಳೆಯಷ್ಟು ಗೆರೆ ತುಂಡಾಗಿದೆ. ಅವತ್ತು ಫಿಲ್ಮಿನ ಮೇಲೆ ಧೂಳು ಕೂತಿತ್ತು. ಮಗಳ ಕಾರ್ಡಿನಲ್ಲೂ ಅದೇ ಜಾಗದಲ್ಲಿ ಗೆರೆ ತುಂಡಾಗಿದೆ.

ಇನ್ನು ಮಗಳ ವಿಷಯ. ಮನೆಯಲ್ಲಿ ಅವಳನ್ನು ಗಿಣಿ ಎನ್ನುತ್ತೇವೆ. ಮಾತಿಗೆ ನಿಂತರೆ ಎದುರಿನವರ ಕಾಫಿ ಆರಬೇಕು. ಅಂಗಡಿಯಲ್ಲಿ ಕಂಪ್ಯೂಟರಿನ ಕೆಲಸವೆಲ್ಲ ಅವಳದೇ. ಗಿರಾಕಿ ಮ್ಯಾಟರು ಹೇಳಿ ಮುಗಿಸುವ ಮೊದಲೇ ಅವಳ ಬೆರಳು ಮುಗಿಸಿರುತ್ತಿತ್ತು. ಅಂಥವಳು ಮದುವೆಯಾಗಿ, ಬಸುರಿಯಾಗಿ, ಎರಡು ತಿಂಗಳು ತುಂಬುವಷ್ಟರಲ್ಲಿ ಬೇರೆಯೇ ಹೆಂಗಸಾದಳು. ಫ್ಯಾನು ಹಾಕಿದರೆ ಚಳಿ ಎಂದು ಶಾಲು ಹೊದೆಯುತ್ತಿದ್ದಳು. ಬೆಳಿಗ್ಗೆ ಮುಖ ಊದಿರುತ್ತಿತ್ತು. ದನಿ ಗೊಗ್ಗರಾಯಿತು. ಒಂದು ವಿಳಾಸ ಟೈಪು ಮಾಡಲು ಮೂರು ಸಲ ತಪ್ಪುತ್ತಿದ್ದಳು, ಆಮೇಲೆ ಕುರ್ಚಿಯಲ್ಲೇ ತೂಕಡಿಸುತ್ತಿದ್ದಳು.

ನಾನು ಬೈದೆ. ಇದನ್ನು ಬಚ್ಚಿಟ್ಟು ನಿಮ್ಮನ್ನು ಮಾತ್ರ ದೂರಿದರೆ ನಾನೂ ನಿಮ್ಮಂತೆಯೇ ಆಗುತ್ತೇನೆ. “ಲೋಕದಲ್ಲಿ ನೀನೊಬ್ಳೇನಾ ಬಸುರಿ? ಎಲ್ರೂ ನಿನ್ ಥರ ಮಲ್ಕೊಂಡ್ರೆ ಮನೆಗಳು ನಡೆಯುತ್ವಾ?” ಎಂದೆ. ಅವಳು ಎದುರಾಡಲಿಲ್ಲ. ಮೊದಲಿನ ಗಿಣಿಯಾಗಿದ್ದರೆ ನನ್ನ ಒಂದಕ್ಕೆ ಹತ್ತು ಹೇಳುತ್ತಿದ್ದಳು. ಎರಡು ದಿನ ಬಿಟ್ಟು ಮೆಲ್ಲಗೆ ಕೇಳಿದಳು. “ಅಪ್ಪ, ಬೇರೆ ಎಲ್ಲಾದ್ರೂ ಒಂದ್ಸಲ ರಕ್ತ ಕೊಟ್ಟು ಬರ್ಲಾ? ನಂಗ್ಯಾಕೋ ಸರಿ ಇಲ್ಲ ಅನ್ಸುತ್ತೆ.”

ಆಗ ನಾನು ಮಾಡಿದ ಕೆಲಸವನ್ನು ಬೇರೆ ಯಾವ ತಂದೆಯೂ ಮಾಡಿರಲಾರ. ಅವಳ ಕಾರ್ಡು ತೆಗೆಸಿ, ಮೂರನೇ ಪುಟ ತಿರುವಿ, ಕನ್ನಡಕ ಏರಿಸಿ ಆ ಮೊಹರನ್ನು ನೋಡಿದೆ. ಅಕ್ಷರ ಎಷ್ಟು ಚೊಕ್ಕವಾಗಿ ಮೂಡಿದೆ ಎಂದು ಒಳಗೊಳಗೇ ಹಿಗ್ಗಿದೆ. “ನೋಡು, ಪರೀಕ್ಷೆ ಮಾಡಿ ಒತ್ತಿದ್ದಾರೆ, ಸಹಜ ಅಂತ. ಸರ್ಕಾರಕ್ಕಿಂತ ನಿಂಗೆ ಜಾಸ್ತಿ ಗೊತ್ತಾ?” ಎಂದೆ. ನನ್ನ ಹೆಂಡತಿ ಒಳಗಿನಿಂದ ಬಂದು ಕಾರ್ಡಿನ ಕಡೆ ನೋಡಲೂ ಇಲ್ಲ. “ನಿಮ್ಮ ರಬ್ಬರು ಚೆನ್ನಾಗಿರಬಹುದು. ನನ್ನ ಮಗಳು ಚೆನ್ನಾಗಿಲ್ಲ,” ಎಂದಳು. ಇಬ್ಬರು ಹೆಂಗಸರ ಮಾತಿಗಿಂತ ನಿಮ್ಮ ಮಾತು ನನಗೆ ದೊಡ್ಡದಾಗಿ ಕಂಡಿತು. ಮೊಹರು ಹೇಗೆ ಹುಟ್ಟುತ್ತದೆ ಎಂದು ಈ ರಸ್ತೆಯಲ್ಲಿ ನನ್ನಷ್ಟು ಬಲ್ಲವರು ಯಾರಿದ್ದಾರೆ? ಆದರೂ ನಂಬಿದೆ. ಅವಳು ಮತ್ತೆಲ್ಲೂ ರಕ್ತ ಕೊಡಲಿಲ್ಲ.

ಮಗು ಹುಟ್ಟಿತು, ಹೆಣ್ಣು. ಅಳುವುದು ಅಪರೂಪ, ಕೂರಿಸಿದಲ್ಲಿ ಕೂರುವುದು, ಮಲಗಿಸಿದಲ್ಲಿ ಮಲಗುವುದು. ನಾನು ಅದಕ್ಕೆ ದೊರೆಸಾನಿ ಎಂದು ಹೆಸರಿಟ್ಟೆ. ಬಂದವರಿಗೆಲ್ಲ ನಮ್ಮ ದೊರೆಸಾನಿಗೆ ಅವಸರವೇ ಇಲ್ಲ ಎಂದು ಹೇಳಿ ನಗುತ್ತಿದ್ದೆ. ಓರಗೆಯ ಮಕ್ಕಳು ಅಂಬೆಗಾಲಿಡುವಾಗ ಇವಳು ಕೂರಲು ಕಲಿತಳು. ಅವು ನಿಂತು ಬೀಳುವಾಗ ಇವಳು ತೆವಳಿದಳು. ಹದಿನಾಲ್ಕನೇ ತಿಂಗಳಲ್ಲಿ ಅಳಿಯ ಯಾರ ಮಾತನ್ನೂ ಕೇಳದೆ ತಾಯಿ ಮಗಳಿಬ್ಬರನ್ನೂ ಬೇರೊಂದು ಕಡೆಯ ಮಕ್ಕಳ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದ. ಜೊತೆಗೆ ನಾನೂ ಹೋದೆ.

ಡಾಕ್ಟರಮ್ಮ ಮಗುವನ್ನು ನೋಡುತ್ತ ನೋಡುತ್ತ ಅದನ್ನೆತ್ತಿಕೊಂಡಿದ್ದವಳನ್ನೇ ನೋಡತೊಡಗಿದರು. “ನೀವು ಯಾವಾಗ್ಲೂ ಹೀಗೇ ಮಾತಾಡೋದಾ, ಇಷ್ಟು ನಿಧಾನ?” ಎಂದು ಕೇಳಿದರು. ಮಗಳ ಬದಲು ಅಳಿಯ ಹೇಳಿದ. “ಇಲ್ಲ ಮೇಡಂ. ಮದ್ವೆಯಾದ ಹೊಸದ್ರಲ್ಲಿ ಇವಳ ಬಾಯಿ ಮುಚ್ಸೋಕೆ ಆಗ್ತಿರ್ಲಿಲ್ಲ.” ಅವರು ನಗಲಿಲ್ಲ. ಎದ್ದು ಬಂದು ಅವಳ ಕುತ್ತಿಗೆ ಮುಟ್ಟಿ ನೋಡಿದರು. ತಾಯಿ ಮಗು ಇಬ್ಬರಿಗೂ ರಕ್ತ ಪರೀಕ್ಷೆ ಬರೆದುಕೊಟ್ಟರು. ಮಗುವಿನ ಥೈರಾಯ್ಡ್ ಸರಿಯಾಗಿಯೇ ಇತ್ತು. ತಾಯಿಯದು ಎಷ್ಟು ಕೆಟ್ಟಿತ್ತೆಂದರೆ ಲ್ಯಾಬಿನವರು ಯಂತ್ರ ತಪ್ಪಿತೆಂದು ಎರಡನೇ ಸಲ ಓಡಿಸಿ ನೋಡಿದ್ದರಂತೆ.

ಅವರು ನಮಗೆ ತಿಳಿಯುವ ಮಾತಿನಲ್ಲಿ ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ. ನಿಮಗೆ ತಿಳಿಯದ್ದೆಂದಲ್ಲ, ತಿಳಿದೂ ಸುಮ್ಮನಿದ್ದಿರಿ ಎಂದು ಓದುವವರಿಗೆ ಗೊತ್ತಾಗಲಿ. ಕುತ್ತಿಗೆಯಲ್ಲಿರುವ ಈ ಪುಟ್ಟ ಗ್ರಂಥಿ ಒಸರುವ ರಸ ಮಗುವಿನ ಮಿದುಳು ಕಟ್ಟುವ ಕೆಲಸಕ್ಕೆ ಬೇಕು. ಮೊದಲ ಕೆಲವು ತಿಂಗಳು ಹೊಟ್ಟೆಯಲ್ಲಿರುವ ಮಗುವಿಗೆ ಸ್ವಂತದ್ದು ಹುಟ್ಟುವುದಿಲ್ಲ, ತಾಯಿಯದನ್ನೇ ಪಡೆಯಬೇಕು. ತಾಯಿಗೇ ಇಲ್ಲದಿದ್ದರೆ ಮಗುವಿಗೆ ಎಲ್ಲಿಂದ ಬರಬೇಕು? ಸುಸ್ತು, ಊತ, ನಿದ್ದೆ, ಮಲಬದ್ಧತೆ ಇವೆಲ್ಲ ಬಸುರಿನಲ್ಲೂ ಇರುವಂಥವೇ ಆದ್ದರಿಂದ ಕಣ್ಣಿಗೆ ತಿಳಿಯುವುದಿಲ್ಲ, ರಕ್ತ ನೋಡಿಯೇ ತಿಳಿಯಬೇಕು. ತಿಳಿದರೆ ಮದ್ದು ಕಷ್ಟದ್ದಲ್ಲ. ಬೆಳಿಗ್ಗೆ ಬರಿಹೊಟ್ಟೆಗೆ ಒಂದು ಸಣ್ಣ ಬಿಳಿ ಮಾತ್ರೆ.

“ಹಾಗಾದ್ರೆ ಮಗು ಹೀಗಿರೋದು ಇದ್ರಿಂದ್ಲೇನಾ?” ಎಂದು ನಾನು ಕೇಳಿದೆ.

“ಇದ್ರಿಂದ್ಲೇ ಅಂತ ಆಣೆ ಮಾಡಿ ಹೇಳೋಕೆ ಯಾವ ಡಾಕ್ಟರಿಗೂ ಆಗಲ್ಲ,” ಎಂದರು. “ಮಕ್ಕಳು ನಿಧಾನ ಆಗೋಕೆ ಕಾರಣ ನೂರಿವೆ. ಆದ್ರೆ ಇಷ್ಟು ಕಮ್ಮಿ ಇದ್ದ ತಾಯಿನ ನಾನು ನೋಡಿದ್ರೆ ಅವತ್ತೇ ಮಾತ್ರೆ ಶುರು ಮಾಡಿರ್ತಿದ್ದೆ. ಒಂದು ದಿನಾನೂ ಕಾಯ್ತಿರ್ಲಿಲ್ಲ.” ಆಮೇಲೆ ತಾಯಿ ಕಾರ್ಡು ಕೇಳಿ ಇಸಿದುಕೊಂಡರು. ಮೂರನೇ ಪುಟವನ್ನು ಬಹಳ ಹೊತ್ತು ನೋಡಿದರು. “ಸಹಜ ಅಂತ ಇದೆ, ಸರಿ. ನಂಬರ್ ಎಲ್ಲಿ? ಅಳತೆ ಬರೆಯೋಕೆ ಜಾಗನೇ ಇಲ್ವಲ್ಲ ಇದ್ರಲ್ಲಿ.” ನಾನು ಮಗುವಿನ ಕಾಲುಚೀಲ ಸರಿಮಾಡುವ ನೆಪದಲ್ಲಿ ಬಗ್ಗಿದೆ. ಯಾಕೆಂದು ಮುಂದೆ ಹೇಳುತ್ತೇನೆ.

ಮಾತ್ರೆ ಶುರುವಾಯಿತು. ಎರಡು ತಿಂಗಳಲ್ಲಿ ಮಗಳ ದನಿ ಮರಳಿತು, ಮುಖ ಇಳಿಯಿತು, ನನ್ನ ಒಂದಕ್ಕೆ ಮೂರಾದರೂ ಹೇಳತೊಡಗಿದಳು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ತಾಯಿ ಸರಿಹೋದಳು, ಮಗುವಿನ ಆ ತಿಂಗಳುಗಳು ಮರಳಿ ಬರಲಿಲ್ಲ. ಈಗ ವಾರಕ್ಕೆ ಮೂರು ದಿನ ದೊರೆಸಾನಿಯನ್ನು ವ್ಯಾಯಾಮಕ್ಕೂ ಮಾತು ಕಲಿಸುವವರ ಹತ್ತಿರಕ್ಕೂ ಕರೆದೊಯ್ಯುತ್ತೇವೆ. ಕಲಿಯುತ್ತಾಳೆ, ಇಲ್ಲವೆನ್ನಲಾರೆ. ಹೋದ ತಿಂಗಳು ‘ತಾತ’ ಎಂದಳು. ನಾಲ್ಕರಲ್ಲಿ ಅದು ನಾಲ್ಕನೆಯದು.

ನಾನು ನಿಮ್ಮ ಆಸ್ಪತ್ರೆಗೆ ಹೋದೆ. ಜಗಳಕ್ಕೆಂದೇ ಹೋದೆ. ಬಾಗಿಲಲ್ಲೇ ದೊಡ್ಡ ಫಲಕವಿತ್ತು, ಗರ್ಭಿಣಿಯರ ಥೈರಾಯ್ಡ್ ತಪಾಸಣೆಯಲ್ಲಿ ಶೇಕಡ ನೂರು ಸಾಧನೆ ಎಂದು. ಲ್ಯಾಬಿನಲ್ಲಿ ನನ್ನ ಮಗಳ ವಯಸ್ಸಿನ ಹೆಣ್ಣುಮಗಳೊಬ್ಬಳಿದ್ದಳು. ಕಾರ್ಡು ನೋಡಿದ ಕೂಡಲೇ ಅವಳ ಮುಖ ಸಣ್ಣದಾಯಿತು, ಜಗಳಕ್ಕೆ ನನ್ನ ಬಾಯಿ ಬರಲಿಲ್ಲ.

“ಕೂತ್ಕೊಳ್ಳಿ ಅಂಕಲ್,” ಎಂದಳು. “ಆ ಪರೀಕ್ಷೆಗೆ ಬೇಕಾದ ದ್ರಾವಣ ಬಂದಿದ್ದು ಮೊದಲೆರಡು ತಿಂಗಳಿಗೆ ಮಾತ್ರ. ಆಮೇಲೆ ಎಷ್ಟು ಬರೆದ್ರೂ ಕಳಿಸ್ಲಿಲ್ಲ. ಕಾರ್ಡಲ್ಲಿ ಕಾಲಂ ಖಾಲಿ ಬಿಟ್ರೆ ಮೇಲಿಂದ ನೋಟಿಸ್ ಬರುತ್ತೆ.”

“ಅದಕ್ಕೇ?”

“ಮೊಹರಿತ್ತಲ್ಲ. ಒತ್ತಿದ್ವಿ.”

ಅವಳು ಹಾಗೆ ಹೇಳಿ ಅತ್ತಳು. ಅವಳ ಮೇಲೆ ನನಗೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ಅವಳ ಮೇಲಿರುವುದು ನಿಮ್ಮ ಮೇಲಿರುವುದರಲ್ಲಿ ಕಾಲುಭಾಗ. ದ್ರಾವಣ ಕಳಿಸದೆ ನೂರಕ್ಕೆ ನೂರು ಕೇಳಿದವರು ಯಾರು? ಕೇಳಿದ ತಿಂಗಳೇ ನೂರಕ್ಕೆ ನೂರು ಬಂದಾಗ, ದ್ರಾವಣವಿಲ್ಲದೆ ಇದು ಹೇಗೆ ಬಂತು ಎಂದು ಒಬ್ಬರಾದರೂ ತಲೆ ಕೆರೆದುಕೊಳ್ಳಲಿಲ್ಲವೇ? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಕಥೆ ಕೇಳಿದ್ದೆ. ನೀವು ಕೊಟ್ಟಿಗೆಗೆ ಕಟ್ಟಿದ್ದಲ್ಲದೆ ಹಾಲು ಕರೆದ ಲೆಕ್ಕವನ್ನೂ ಫಲಕದಲ್ಲಿ ಬರೆಸಿದಿರಿ.

ಇಷ್ಟನ್ನೂ ಬರೆದು ನಿಮಗೆ ಅರ್ಜಿ ಕೊಟ್ಟೆ. ಏಳು ವಾರಕ್ಕೆ ಉತ್ತರ ಬಂತು. ‘ಸದರಿ ಅರ್ಜಿಯನ್ನು ಪರಿಶೀಲಿಸಲಾಗಿ, ದಾಖಲೆಗಳ ಪ್ರಕಾರ ಫಲಾನುಭವಿಗೆ ಪರೀಕ್ಷೆ ನಡೆದಿದ್ದು ಫಲಿತಾಂಶ ಸಹಜವಿರುತ್ತದೆ. ಫಲಾನುಭವಿಯು ತನಗಿದ್ದ ತೊಂದರೆಗಳನ್ನು ಸಕಾಲದಲ್ಲಿ ತಿಳಿಸದೆ ನಿರ್ಲಕ್ಷ್ಯ ವಹಿಸಿರುವುದು ಕಂಡುಬಂದಿರುತ್ತದೆ.’ ಕೆಳಗೆ ‘ಮುಕ್ತಾಯಗೊಳಿಸಲಾಗಿದೆ’ ಎಂಬ ಮೊಹರು. ಅದೂ ನನ್ನದೇ, ಹೋದ ವರ್ಷದ್ದು.

ಮೊದಲನೇ ವಾಕ್ಯಕ್ಕೆ ನಾನು ನಕ್ಕೆ. ದಾಖಲೆ ಸುಳ್ಳು ಎಂದು ದೂರಿದರೆ ಅದೇ ದಾಖಲೆಯನ್ನು ಸಾಕ್ಷಿಗೆ ಕರೆದಿದ್ದೀರಿ. ಎರಡನೇ ವಾಕ್ಯಕ್ಕೆ ನಗು ಬರಲಿಲ್ಲ, ಏಕೆಂದರೆ ಆ ಪತ್ರವನ್ನು ನನಗಿಂತ ಮೊದಲು ಓದಿದವಳು ಮಗಳು. ಆವತ್ತಿನಿಂದ ಅದು ಅವಳ ಕಾರ್ಡಿನೊಳಗೇ ಇದೆ. ಮಗು ಬಿದ್ದರೆ, ಮಗು ಕೂಗಿಗೆ ತಿರುಗದಿದ್ದರೆ, ಪಕ್ಕದ ಮನೆಯ ಕೂಸು ಹಾಡು ಹೇಳಿದರೆ, ಅವಳು ಒಳಗೆ ಹೋಗಿ ಅದನ್ನು ಓದಿಕೊಂಡು ಬರುತ್ತಾಳೆ. ಒಂದು ಸಂಜೆ ಅಮ್ಮನ ಹತ್ತಿರ ಹೇಳುತ್ತಿದ್ದಳು. “ನಾನು ಇನ್ನೂ ಸ್ವಲ್ಪ ಗಟ್ಟಿಯಾಗಿ ಹೇಳ್ಬೇಕಿತ್ತಮ್ಮ. ಸುಮ್ನೆ ಮಲ್ಕೊಂಡ್ಬಿಟ್ಟೆ. ಅವರು ಬರೆದಿರೋದ್ರಲ್ಲಿ ತಪ್ಪೇನಿದೆ?” ಮಾನ್ಯರೇ, ನಿಮ್ಮ ಮೊದಲ ಸುಳ್ಳು ನನ್ನ ಮೊಮ್ಮಗಳಿಗೆ ಏನು ಮಾಡಿತೆಂದು ಡಾಕ್ಟರು ಆಣೆ ಮಾಡಿ ಹೇಳಲಾರರು. ಎರಡನೇ ಸುಳ್ಳು ನನ್ನ ಮಗಳಿಗೆ ಏನು ಮಾಡುತ್ತಿದೆ ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ದಿನವೂ ನೋಡುತ್ತಿದ್ದೇನೆ.

ಇದನ್ನೂ ನುಂಗಿಕೊಂಡು ಇರುತ್ತಿದ್ದೆನೋ ಏನೋ. ಹೋದ ವಾರ ನಿಮ್ಮ ಆಸ್ಪತ್ರೆಯ ಜವಾನ ಅಂಗಡಿಗೆ ಬಂದ. ಹಳೆಯ ಗುರುತಿನವ, ಒಳ್ಳೆಯವನೇ. ಕರವಸ್ತ್ರದಿಂದ ಆ ಮೊಹರು ಬಿಚ್ಚಿ ಮುಂದಿಟ್ಟ. “ಸವೆದೋಗಿದೆ ಯಜಮಾನ್ರೇ. ಇದೇ ಮ್ಯಾಟರು, ಹನ್ನೆರಡು ಬೇಕಂತೆ. ಬೇರೆ ಆಸ್ಪತ್ರೆಗಳಿಗೂ ಕಳಿಸ್ತಾರೆ.” ಕೈಗೆತ್ತಿಕೊಂಡು ನೋಡಿದೆ. ಅಕ್ಷರಗಳ ಅಂಚು ಸವೆದು ಮೊಂಡಾಗಿತ್ತು, ನಡುವಿನ ‘ಸಹಜ’ ನೆಲಕಚ್ಚಿತ್ತು. ಆ ಗುಣದ ಮೊಹರಿನ ಮುಖ ಅಷ್ಟು ಸವೆಯಬೇಕಾದರೆ ಎಷ್ಟು ಸಾವಿರ ಸಲ ಒತ್ತಿರಬೇಕು ಎಂಬುದು ನನಗೆ ಗೊತ್ತಿರುವ ಲೆಕ್ಕ. ಒಂದು ಒತ್ತಿಗೆ ಒಬ್ಬ ತಾಯಿ, ಒಂದು ಕೂಸು. ಎಲ್ಲರಿಗೂ ಈ ರೋಗವಿರಲಿಲ್ಲ, ಸರಿ. ಯಾರಿಗಿತ್ತು ಎಂದು ನಿಮಗೆ ಗೊತ್ತೇ? ಅವರಿಗಾದರೂ ಗೊತ್ತೇ?

ಈಗ ಆ ಕಾಲುಚೀಲದ ಮಾತು. ಈ ಪತ್ರವನ್ನು ನಾನು ಹೇಳುತ್ತಿದ್ದೇನೆ, ಗಿಣಿ ಟೈಪು ಮಾಡುತ್ತಿದ್ದಾಳೆ. ಅವಳು ಇಲ್ಲಿಂದ ಮುಂದಿನದನ್ನು ಮೊದಲ ಸಲ ಕೇಳುತ್ತಾಳೆ.

ನಾಲ್ಕೂವರೆ ವರ್ಷದ ಹಿಂದೆ ನಿಮ್ಮ ಪತ್ರದಲ್ಲಿ ಬರೆದಿದ್ದ ಮ್ಯಾಟರು ಬೇರೆ ಇತ್ತು. ‘ಥೈರಾಯ್ಡ್: ಪರೀಕ್ಷಿಸಲಾಗಿದೆ. ಅಳತೆ’ ಎಂದು ಬರೆದು ಮುಂದೆ ಖಾಲಿ ಜಾಗ ಬಿಡಲು ಹೇಳಿತ್ತು. ಆಗ ಮಗಳು ಹೊಸದಾಗಿ ಮದುವೆಯಾಗಿ ಎರಡು ವಾರ ಅಂಗಡಿಗೆ ಬಂದಿರಲಿಲ್ಲ, ಅಕ್ಷರ ಕೂಡಿಸಿದವನು ನಾನೇ. ಪತ್ರ ತಂದಿದ್ದ ಇದೇ ಜವಾನನಿಗೆ ನಾನು ಬುದ್ಧಿ ಹೇಳಿದೆ. ಮೊಹರಿನ ಹಸಿ ಶಾಯಿಯ ಮೇಲೆ ಪೆನ್ನಿನಲ್ಲಿ ಬರೆದರೆ ಹರಡಿ ಗಲೀಜಾಗುತ್ತದೆ, ಖಾಲಿ ಜಾಗ ಬಿಟ್ಟರೆ ಅಲ್ಲಿ ರಬ್ಬರು ಬಗ್ಗಿ ಚೌಕಟ್ಟು ಸೊಟ್ಟಗಾಗುತ್ತದೆ, ಹೇಗೂ ಹೆಚ್ಚಿನವರದು ಸಹಜವೇ ಇರುತ್ತದಲ್ಲ, ಆ ಮಾತನ್ನೇ ಅಚ್ಚಿನಲ್ಲಿ ಹಾಕೋಣ, ಸಹಜವಲ್ಲದವರದು ಕೈಯಲ್ಲಿ ಬರೆದುಕೊಳ್ಳಲಿ ಎಂದೆ. ಅವನು ಫೋನು ಮಾಡಿ ಕೇಳಿದ. ನಿಮ್ಮವರು ಒಪ್ಪಿದರಂತೆ, ಬಹಳ ಒಳ್ಳೆ ಸಲಹೆ ಎಂದರಂತೆ. ಎರಡೇ ನಿಮಿಷ ಹಿಡಿಯಿತು. ಆ ಖಾಲಿ ಜಾಗ ಉಳಿದಿದ್ದರೆ ದ್ರಾವಣವಿಲ್ಲದ ದಿನ ಅಲ್ಲಿ ಯಾರೋ ಒಬ್ಬರು ಒಂದು ಸುಳ್ಳು ಅಂಕಿಯನ್ನು ತಮ್ಮ ಕೈಯಾರೆ ಬರೆಯಬೇಕಾಗುತ್ತಿತ್ತು. ಒಬ್ಬರ ಕೈಯಾದರೂ ಹಿಂಜರಿಯುತ್ತಿತ್ತು. ಆ ಹಿಂಜರಿಕೆಗೆ ಜಾಗವಿಲ್ಲದ ಹಾಗೆ ಮುಚ್ಚಿಕೊಟ್ಟವನು ನಾನು.

ಇಲ್ಲಿಗೆ ಬರುವಾಗ ಕೀಲಿಮಣೆಯ ಸದ್ದು ನಿಂತಿತು. ಹಿಂದೆ ಕೂತಿದ್ದ ನನಗೆ ಅವಳ ಮುಖ ಕಾಣುತ್ತಿರಲಿಲ್ಲ. ಎದ್ದು ಹೋಗುತ್ತಾಳೆ ಎಂದುಕೊಂಡೆ. ಹೋದರೆ ತಡೆಯುವ ಮುಖ ನನಗಿರಲಿಲ್ಲ. ಅವಳು ತಿರುಗದೆಯೇ ಹೇಳಿದಳು.

“ಇಷ್ಟು ದಿನದಿಂದ ನಾನೇ ಕಾರಣ ಅಂದ್ಕೊಂಡು ಕೂತಿದ್ನಲ್ಲಪ್ಪ. ನೀನಾದ್ರೂ ಹೇಳ್ಬೋದಿತ್ತು.”

ಆಮೇಲೆ ಅವಳೇ, “ಮುಂದಕ್ಕೆ ಹೇಳು,” ಎಂದಳು. ನಾನು ತಪ್ಪೊಪ್ಪಿಕೊಂಡದ್ದು ಹೀಗೆ, ಅವಳ ಬೆನ್ನಿಗೆ. ಅದೂ ನಿಮಗೆ ಪತ್ರ ಬರೆಯುವ ನೆಪದಲ್ಲಿ. ಅವಳು ನನ್ನನ್ನು ಕ್ಷಮಿಸಿದಳೋ ಇಲ್ಲವೋ ತಿಳಿಯದು, ಕೇಳುವ ಧೈರ್ಯವೂ ಇಲ್ಲ.

ಮುಂದಕ್ಕೆ ಹೇಳುತ್ತೇನೆ. ಆ ಹನ್ನೆರಡು ಮೊಹರನ್ನು ನಾನು ಮಾಡುವುದಿಲ್ಲ. ಬೇರೆ ಅಂಗಡಿಯಲ್ಲಿ ಮಾಡಿಸಿಕೊಳ್ಳುತ್ತೀರಿ, ಗೊತ್ತು. ಅದಕ್ಕೇ ಈ ಪತ್ರ ನಿಮ್ಮ ಟಪಾಲಿಗೆ ಬಾರದೆ ಎಲ್ಲರೂ ಓದುವಲ್ಲಿ ಅಚ್ಚಾಗುತ್ತಿದೆ. ಮೊಹರಿನ ಬದಲು ದ್ರಾವಣ ಕಳಿಸಿ. ಬಸುರಿ ಹೆಂಗಸು ಮೊದಲ ಸಲ ಬಂದ ದಿನವೇ ರಕ್ತ ನೋಡಿ, ನೋಡಿದ್ದರ ಅಳತೆ ಬರೆಯಿರಿ. ಶಾಯಿ ಹರಡಿದರೆ ಹರಡಲಿ, ಕಾರ್ಡು ಗಲೀಜಾದರೆ ಆಗಲಿ. ಈ ನಾಲ್ಕೂ ಚಿಲ್ಲರೆ ವರ್ಷದಲ್ಲಿ ಆ ಮೊಹರು ಬಿದ್ದ ಎಲ್ಲ ತಾಯಂದಿರನ್ನೂ ಮನೆಗೆ ಆಳು ಕಳಿಸಿ ಕರೆಸಿ, ಈಗ ಹೊಟ್ಟೆಯಲ್ಲಿ ಕೂಸಿರುವವರನ್ನು ಎಲ್ಲರಿಗಿಂತ ಮೊದಲು ಕರೆಸಿ. ಅವರಿಗಿನ್ನೂ ಹೊತ್ತು ಮೀರಿರಲಿಕ್ಕಿಲ್ಲ. ಓದುತ್ತಿರುವ ಅಮ್ಮಂದಿರೇ, ಇವರು ಕರೆಯುವವರೆಗೆ ಕಾಯಬೇಡಿ. ನಿಮ್ಮ ಕಾರ್ಡಿನ ಮೂರನೇ ಪುಟ ತೆಗೆಯಿರಿ. ಅಂಕಿಯಿಲ್ಲದ ಮೊಹರೊಂದೇ ಇದ್ದರೆ ನಾಳೆಯೇ ಹೋಗಿ ರಕ್ತ ಕೊಡಿ, ಮನೆಯಲ್ಲಿ ನನ್ನಂಥ ಗಂಡಸು ಯಾರಾದರೂ ಬೇಡವೆಂದರೆ ಕೇಳಬೇಡಿ.

ನನ್ನ ಸ್ವಂತದ ಬೇಡಿಕೆ ಒಂದೇ. ಮಗಳ ಕಾರ್ಡಿನೊಳಗಿರುವ ನಿಮ್ಮ ಪತ್ರದ ಜಾಗಕ್ಕೆ ಇನ್ನೊಂದು ಪತ್ರ ಬೇಕು. ಉದ್ದವಿರಬೇಕಾಗಿಲ್ಲ. ‘ನಿಮ್ಮ ರಕ್ತವನ್ನು ನಾವು ಪರೀಕ್ಷಿಸಲಿಲ್ಲ. ತಪ್ಪು ನಿಮ್ಮದಲ್ಲ.’ ಇಷ್ಟು ಸಾಕು. ಈ ಎರಡು ಸಾಲನ್ನು ಟೈಪು ಮಾಡಿಸಬೇಡಿ, ಇದಕ್ಕೆ ಮೊಹರು ಒತ್ತಬೇಡಿ. ಕೂತು, ಪೆನ್ನು ಹಿಡಿದು, ನಿಮ್ಮ ಕೈಯಲ್ಲೇ ಬರೆಯಿರಿ.

ಇಂತಿ,
ನೀವು ಬಿಟ್ಟಿದ್ದ ಖಾಲಿ ಜಾಗವನ್ನು ತುಂಬಿಕೊಟ್ಟ,
ಎದುರು ರಸ್ತೆಯ ಮೊಹರಿನವನು

(ಟೈಪು ಮಾಡಿದವಳು: ಫಲಾನುಭವಿ)